ಹತ್ತು ಶಿಲಿಂಗ್‌ನ ಹಾಡು

ಕಪ್ಪು ವರ್ಣೀಯರ ಸಂಗೀತವು ಜಗತ್ತಿನ ಮನರಂಜನಾ ಉದ್ಯಮಕ್ಕೆ ಅಪಾರ ಸಂಪತ್ತನ್ನು ತಂದುಕೊಟ್ಟಿದೆ. ಆದರೆ ಆ ಸಂಗೀತವನ್ನು ಸೃಷ್ಟಿಸಿದವರ ಮನೆಗೆ ತಲುಪಿದ್ದೆಷ್ಟು? ದಕ್ಷಿಣ ಆಫ್ರಿಕಾದ ಸಾಲೊಮನ್ ಲಿಂಡಾರ ಬದುಕು ಈ ಪ್ರಶ್ನೆಗೆ ಉತ್ತರ ಹೇಳುತ್ತದೆ.

ಜುಲು ಜನಾಂಗದ ಲಿಂಡಾ, ಜೊಹಾನ್ಸ್‌ಬರ್ಗಿನ ಗ್ಯಾಲೊ ಧ್ವನಿಮುದ್ರಣ ಸಂಸ್ಥೆಯಲ್ಲಿ ತಟ್ಟೆಗಳನ್ನು ಕಟ್ಟುವ ಕೆಲಸದಲ್ಲಿದ್ದವರು. 1939ರಲ್ಲಿ ಅದೇ ಸಂಸ್ಥೆಗಾಗಿ ಅವರು ತಮ್ಮ ತಂಡದೊಂದಿಗೆ 'ಎಂಬೂಬೆ' ಎಂಬ ಹಾಡನ್ನು ಹಾಡಿದರು. 'ಎಂಬೂಬೆ' ಎಂದರೆ ಸಿಂಹ. ಆಫ್ರಿಕಾದಲ್ಲಿ ಅದರ ಸುಮಾರು ಒಂದು ಲಕ್ಷ ತಟ್ಟೆಗಳು ಮಾರಾಟವಾದವು. ಹಾಡಿನ ಹಕ್ಕಿಗಾಗಿ ಲಿಂಡಾರಿಗೆ ಸಿಕ್ಕಿದ್ದು ಕೇವಲ 10 ಶಿಲಿಂಗ್.

ಐವತ್ತರ ದಶಕದ ಆರಂಭದಲ್ಲಿ ಅಮೆರಿಕದ ಗಾಯಕ ತಂಡವೊಂದು ಈ ಹಾಡನ್ನು ಹಾಡಿ ಜನಪ್ರಿಯಗೊಳಿಸಿತು. ರಚನೆಕಾರರ ಜಾಗದಲ್ಲಿ ಅಚ್ಚಾದದ್ದು ಒಂದು ಕಲ್ಪಿತ ಹೆಸರು. 1961ರಲ್ಲಿ ಇಂಗ್ಲಿಷ್ ಸಾಹಿತ್ಯ ತೊಟ್ಟ ಅದೇ ರಾಗ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿತು. ಮರುವರ್ಷ, 1962ರಲ್ಲಿ, ಲಿಂಡಾ ಬಡತನದಲ್ಲೇ ನಿಧನರಾದರು. 1994ರಲ್ಲಿ ಡಿಸ್ನಿಯ 'ದಿ ಲಯನ್ ಕಿಂಗ್' ಚಿತ್ರವೂ ಆ ಹಾಡನ್ನು ಬಳಸಿಕೊಂಡಿತು. ಅವರ ಹೆಣ್ಣುಮಕ್ಕಳು ಆಗಲೂ ಸೊವೆಟೊದಲ್ಲಿ ಬಡತನದೊಂದಿಗೆ ಸೆಣಸುತ್ತಿದ್ದರು.

ಇದು ಹೇಗೆ ಸಾಧ್ಯವಾಯಿತು? ಬಿಳಿಯನು ಬರೆದರೆ ಅದು 'ಕೃತಿ', ಕಪ್ಪು ಮನುಷ್ಯನು ಹಾಡಿದರೆ ಅದು 'ಜಾನಪದ' ಎಂಬ ಭಾವನೆ ಬೇರೂರಿತ್ತು. ಜಾನಪದವೆಂದ ಮೇಲೆ ಅದಕ್ಕೆ ವಾರಸುದಾರನಿಲ್ಲ. ವಾರಸುದಾರನಿಲ್ಲದ ಸೊತ್ತನ್ನು ಯಾರೂ ಕೊಂಡೊಯ್ಯಬಹುದು! ಅಮೆರಿಕದಲ್ಲಿಯೂ ಇದಕ್ಕಿಂತ ಉತ್ತಮ ಸ್ಥಿತಿ ಇರಲಿಲ್ಲ. ಬ್ಲೂಸ್ ಗಾಯಕಿ ಬೆಸ್ಸಿ ಸ್ಮಿತ್‌ರ ತಟ್ಟೆಗಳು ಲಕ್ಷಗಟ್ಟಲೆ ಮಾರಾಟವಾದರೂ ಅವರಿಗೆ ಕೊಡಲಾದದ್ದು ಹಾಡಿಗಿಷ್ಟೆಂಬ ಕೂಲಿ ಮಾತ್ರ; ಗೌರವಧನದಲ್ಲಿ ಪಾಲು ಸಿಗಲಿಲ್ಲ.

ಲಿಂಡಾರ ಮಕ್ಕಳಿಗೆ ಕೊನೆಗೆ ಆಸರೆಯಾದದ್ದು ಬ್ರಿಟನ್ನಿನ 1911ರ ಕೃತಿಸ್ವಾಮ್ಯ ಕಾಯಿದೆ. ಕರ್ತೃ ತೀರಿಕೊಂಡ 25 ವರ್ಷಗಳ ಬಳಿಕ, ಅವನು ಮಾರಿದ ಹಕ್ಕು ಉತ್ತರಾಧಿಕಾರಿಗಳಿಗೆ ಮರಳಬೇಕೆಂದು ಅದು ಹೇಳುತ್ತಿತ್ತು. ಅಂದರೆ 1987ರಿಂದಲೇ ಹಕ್ಕು ಅವರದಾಗಿತ್ತು. ಆದರೆ ಅದನ್ನು ಅವರಿಗೆ ತಿಳಿಸುವವರು ಯಾರಿದ್ದರು? 2000ದಲ್ಲಿ ಪತ್ರಕರ್ತ ರಿಯಾನ್ ಮಲಾನ್ ಈ ಅನ್ಯಾಯವನ್ನು ಬಯಲಿಗೆಳೆದರು. 2004ರಲ್ಲಿ ಡಿಸ್ನಿಯ ವಿರುದ್ಧ ಮೊಕದ್ದಮೆ ಹೂಡಲಾಯಿತು. ದಕ್ಷಿಣ ಆಫ್ರಿಕಾ ಸರಕಾರವೂ ಬೆಂಬಲಕ್ಕೆ ನಿಂತಿತು. 2006ರ ಒಪ್ಪಂದದಲ್ಲಿ ಲಿಂಡಾರನ್ನು ಸಹ ರಚನೆಕಾರರೆಂದು ಒಪ್ಪಲಾಯಿತು; ಬಾಕಿಯನ್ನೂ ಮುಂದಿನ ಪಾಲನ್ನೂ ಕೊಡಲು ಸಮ್ಮತಿಸಲಾಯಿತು. ಅಷ್ಟರಲ್ಲಿ ಅವರು ತೀರಿಕೊಂಡು 43 ವರ್ಷಗಳು ಸಂದಿದ್ದವು.

ಹಾಡು-ಸಂಗೀತದ ವಿಷಯ ನಮಗೇಕೆ ಎಂದು ಕೆಲವರು ಕೇಳಬಹುದು. ಸಂಗೀತದ ಕುರಿತು ವಿದ್ವಾಂಸರಲ್ಲಿರುವ ಭಿನ್ನಾಭಿಪ್ರಾಯವನ್ನು ನಾವು ಬಲ್ಲೆವು. ಆದರೆ ಇಲ್ಲಿರುವುದು ಹುಕೂಕುಲ್ ಇಬಾದ್‌ನ, ಅಂದರೆ ಮನುಷ್ಯರ ಹಕ್ಕುಗಳ ಪ್ರಶ್ನೆ. ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂದು ಪ್ರವಾದಿವರ್ಯರು(ಸ) ಆದೇಶಿಸಿದ್ದಾರೆ. ಅಳತೆ-ತೂಕದಲ್ಲಿ ವಂಚಿಸಬೇಡಿರೆಂದು ಪ್ರವಾದಿ ಶುಐಬ್(ಅ) ತಮ್ಮ ಜನರನ್ನು ಎಚ್ಚರಿಸಿದ್ದರು. ಆ ಜನರ ಕೈಯಲ್ಲಿದ್ದದ್ದು ತಕ್ಕಡಿ. ಇಂದಿನವರ ಕೈಯಲ್ಲಿರುವುದು ಕರಾರು ಪತ್ರ. ವಂಚನೆ ಮಾತ್ರ ಅದೇ.

ಪ್ರಶಸ್ತಿ, ಸನ್ಮಾನ, ಮರಣಾನಂತರದ ಹೊಗಳಿಕೆಗಳನ್ನೇ ಬೆಂಬಲವೆಂದು ತಿಳಿಯುವುದು ತಪ್ಪು. ಸಹಿ ಹಾಕುವ ಮುನ್ನ ಪತ್ರವನ್ನು ಓದಿ ಹೇಳುವ ವಕೀಲ, ಲೆಕ್ಕವನ್ನು ಪರಿಶೀಲಿಸುವ ಸಂಸ್ಥೆ, ದುರ್ಬಲನ ಪರವಾಗಿ ನ್ಯಾಯಾಲಯಕ್ಕೆ ಹೋಗುವ ಸರಕಾರ - ಇವೇ ನಿಜವಾದ ಬೆಂಬಲ. ಲಿಂಡಾರಿಗೆ ಇವು ಬದುಕಿದ್ದಾಗಲೇ ದೊರೆತಿದ್ದರೆ, ಅವರ ಮಕ್ಕಳು ತಂದೆಯ ಸಂಪಾದನೆಯನ್ನು ನ್ಯಾಯಾಲಯದ ಬಾಗಿಲಲ್ಲಿ ಕೇಳಬೇಕಾಗಿರಲಿಲ್ಲ.