ಕ್ರಿಸ್ತಜಯಂತಿಯ ಅನ್ನ
1311ರಲ್ಲಿ ದೆಹಲಿ ಸುಲ್ತಾನನ ಸೇನಾನಿ ಮಲಿಕ್ ಕಾಫರನ ದಂಡಿಗೆ ಗುರಿಯಾದ ಹೊಯ್ಸಳರ ರಾಜಧಾನಿ ದ್ವಾರಸಮುದ್ರವು ಕಾಲಾಂತರದಲ್ಲಿ ಹಳೇಬೀಡೆನಿಸಿದುದನ್ನು ಕಂಡಿರುವ ಈ ಸೀಮೆಗೆ, ಯುದ್ಧವು ಉಳಿಸಿಹೋಗುವ ಶೂನ್ಯವನ್ನು ವಿವರಿಸಬೇಕಾದುದಿಲ್ಲ. 1799ರಲ್ಲಿ ಶ್ರೀರಂಗಪಟ್ಟಣವು ಪತನಗೊಂಡ ತರುವಾಯ, ಸೆರೆ ಹಿಂಸೆಗಳಿಂದ ಚದುರಿಹೋಗಿದ್ದ ಕ್ರೈಸ್ತರನ್ನು ಮತ್ತೆ ಒಗ್ಗೂಡಿಸಲು ಮೈಸೂರು ನಾಡಿಗೆ ಬಂದ ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್ ಅವರು, ಒಂದು ಹೊತ್ತಿನ ಭಿಕ್ಷೆಯಲ್ಲಿ ತೃಪ್ತರಾಗದೆ, ನಿರ್ಗತಿಕರು ತಾವೇ ಉತ್ತು ಬಿತ್ತಿ ಉಣ್ಣುವಂತೆ ಕೃಷಿ ನೆಲೆಗಳನ್ನು ಕಟ್ಟಿದರು.

ಅರಸ ಹೆರೋದನ ಭಯದಿಂದ ಐಗುಪ್ತಕ್ಕೆ ಒಯ್ಯಲ್ಪಟ್ಟ ಶಿಶು ಯೇಸುವಿನ ಹಬ್ಬದಂದು, ಸುಡಾನ್, ಮ್ಯಾನ್ಮಾರ್‌ಗಳ ರಣಭೂಮಿಯಲ್ಲಿ ಹಸಿದಿರುವ ಪೀಡಿತರಿಗೆ ಧಾನ್ಯವನ್ನು ಕಳುಹುವುದು ಶ್ರೇಷ್ಠವಾದ ಆರಾಧನೆಯೇ ಸರಿ. ಆದರೆ ಅರಸೀಕೆರೆ, ಬೇಲೂರು, ಹಳೇಬೀಡುಗಳ ನಾವೆಲ್ಲರೂ ಮತಭೇದವನ್ನೆಣಿಸದೆ, ದುಬಾಯ್ ಅವರಂತೆಯೇ, ಹಬ್ಬವು ಕಳೆದ ಮೇಲೂ, ಅವರ ಹೊಲಗಳಲ್ಲಿ ಮರಳಿ ಪೈರು ಏಳುವವರೆಗೂ, ನೀಡಿದ ಕೈಯನ್ನು ಹಿಂತೆಗೆಯದಿರುವುದೇ ನಿಜವಾದ ಧರ್ಮ.