ಗೃಹಾರೋಗ್ಯ: ಚಿಂತೆಗೊಂದು ಹೊತ್ತು

ಆಷಾಢದ ಮಳೆ ಹಿಡಿಯಿತೆಂದರೆ ವಾರಾಹಿಯ ದಡದ ಹಟ್ಟಿಯಂಗಡಿಯಂತಹ ಊರಿನಲ್ಲಿ ಗೃಹಸ್ಥರಿಗೆ ಚಿಂತೆಗಳ ಬರವಿಲ್ಲ. ನೆಟ್ಟ ಗದ್ದೆಗೆ ನೆರೆ ನುಗ್ಗೀತೆ? ಮಾಡಿನ ಹಂಚು ಸೋರೀತೆ? ಬೆಂಗಳೂರಿನ ಹೋಟೆಲಿನಲ್ಲಿರುವ ಮಗನು ಹಣ ಕಳುಹಿಸುವ ಮೊದಲೇ ಸಾಲದ ಕಂತು ಬಂದೀತೆ? ಇವೊಂದೂ ಕಲ್ಪಿತವಲ್ಲ. ಆದುದರಿಂದ ‘ಚಿಂತಿಸಬೇಡಿರಿ’ ಎಂಬ ಬುದ್ಧಿವಾದದಿಂದ ಯಾರಿಗೂ ನೆಮ್ಮದಿ ದೊರೆಯದು. ಚಿಂತೆಯನ್ನು ಬಹಿಷ್ಕರಿಸುವುದಕ್ಕಿಂತ ಅದಕ್ಕೊಂದು ಹೊತ್ತನ್ನು ಗೊತ್ತುಮಾಡುವುದೇ ಲೇಸು.

ಭಯವುಂಟಾದಾಗ ಎದೆ ಬಡಿದುಕೊಳ್ಳುವುದೂ ಸ್ನಾಯುಗಳು ಬಿಗಿಯುವುದೂ ಹೋರಾಟಕ್ಕೋ ಓಟಕ್ಕೋ ದೇಹವು ಮಾಡಿಕೊಳ್ಳುವ ಸಿದ್ಧತೆಯೆಂದು ಅಮೆರಿಕದ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ 1915ರಲ್ಲಿ ವಿವರಿಸಿದನು. ಎದುರಾದ ಹುಲಿಯು ಹೊರಟುಹೋಗುತ್ತದೆ. ಸಾಲದ ಕಂತಾದರೋ ಪ್ರತಿ ತಿಂಗಳೂ ಬರುತ್ತದೆ. ಹೀಗೆ ದೇಹವು ಸದಾ ಎಚ್ಚೆತ್ತಿದ್ದರೆ ನಿದ್ರೆ ಕೆಡುವುದು, ತಲೆ ನೋಯುವುದು. ಕೊನೆಗೆ ಸಿಡುಕು ಮನೆಯ ಮಕ್ಕಳ ಮೇಲೆ ಬೀಳುವುದು.

ಸಂಜೆ ದೀಪ ಹಚ್ಚಿದ ಮೇಲೆ ಕಾಲು ಗಂಟೆ ಕುಳಿತು, ಮನಸ್ಸನ್ನು ಕೊರೆಯುವ ವಿಷಯಗಳನ್ನು ಒಂದು ಪುಸ್ತಕದಲ್ಲಿ ಎರಡು ಸಾಲುಗಳಾಗಿ ಬರೆಯಿರಿ: ನಮ್ಮ ಕೈಯಲ್ಲಿರುವವು ಒಂದು ಕಡೆ, ಇಲ್ಲದವು ಇನ್ನೊಂದು ಕಡೆ. ಮಳೆಯು ನಮ್ಮ ಕೈಯಲ್ಲಿಲ್ಲ. ಹಂಚು ಸರಿಪಡಿಸುವವನಿಗೆ ನಾಳೆ ಬೆಳಿಗ್ಗೆಯೇ ಹೇಳಿಕಳುಹಿಸುವುದು ಕೈಯಲ್ಲಿದೆ. ಉಳಿದ ವೇಳೆಯಲ್ಲಿ ಚಿಂತೆಯು ಬಾಗಿಲು ತಟ್ಟಿದರೆ, ‘ಸಂಜೆಗೆ ಬಾ’ ಎಂದು ಕಳುಹಿಸಿರಿ. ಅಮೆರಿಕದಲ್ಲಿ 57 ಮಂದಿ ತರುಣರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಒಂದು ಸಣ್ಣ ಪರೀಕ್ಷೆಯಲ್ಲಿ, ಮಲಗುವ ಮುನ್ನ ಐದು ನಿಮಿಷ ಮುಂದಿನ ಕೆಲಸಗಳನ್ನು ಬರೆದಿಟ್ಟವರು, ಮುಗಿದ ಕೆಲಸಗಳನ್ನು ಬರೆದವರಿಗಿಂತ ಸುಮಾರು ಒಂಬತ್ತು ನಿಮಿಷ ಮೊದಲೇ ನಿದ್ರೆಹೋದರು.

ಬರೆದಾದ ಮೇಲೆ ನಾಲ್ಕೆಣಿಸುವವರೆಗೆ ಉಸಿರೆಳೆದು, ಆರೆಣಿಸುವವರೆಗೆ ಮೆಲ್ಲನೆ ಬಿಡಿರಿ. ಐದು ನಿಮಿಷ ಸಾಕು. ನಿಶ್ವಾಸವು ದೀರ್ಘವಾದಾಗ ಹೃದಯದ ಬಡಿತವು ಇಳಿಯುತ್ತದೆ. ತಲೆ ತಿರುಗಿದರೆ ನಿಲ್ಲಿಸತಕ್ಕದ್ದು.

ಇಷ್ಟರಿಂದಲೇ ಎಲ್ಲವೂ ತೀರದು. ಸಾಲವನ್ನು ಹೆಂಡತಿಯಿಂದ ಮರೆಮಾಚುವ ಯಜಮಾನನು ಇಬ್ಬರ ನಿದ್ರೆಯನ್ನೂ ಕೆಡಿಸುತ್ತಾನೆ. ಅವಳಿಗೆ ಮೊತ್ತ ತಿಳಿಯದಿದ್ದರೂ ಅವನ ಮುಖವು ತಿಳಿಯುತ್ತದೆ. ವಾರಕ್ಕೊಮ್ಮೆಯಾದರೂ ಆ ಪುಸ್ತಕವನ್ನು ಇಬ್ಬರೂ ಕೂಡಿ ಓದಬೇಕು. ಇನ್ನು, ನಸುಕಿನಿಂದ ರಾತ್ರಿಯವರೆಗೆ ಒಲೆಯ ಮುಂದೆ, ಹಟ್ಟಿಯಲ್ಲಿ, ಹಾಸಿಗೆ ಹಿಡಿದ ಹಿರಿಯರ ಬಳಿಯಲ್ಲಿ ದುಡಿಯುವ ಗೃಹಿಣಿಯ ಬಳಲಿಕೆಗೆ ಉಸಿರಾಟದ ಪಾಠವು ಮದ್ದಲ್ಲ. ಅವಳಿಗೆ ಬೇಕಾದುದು ಕೆಲಸಕ್ಕೆ ಇನ್ನೆರಡು ಕೈಗಳು.

ಎರಡು ವಾರ ಕಳೆದರೂ ನಿದ್ರೆ ಬಾರದೆ, ಊಟ ಸೇರದೆ, ಯಾವುದರಲ್ಲಿಯೂ ಮನಸ್ಸು ನಿಲ್ಲದೆ ಹೋದರೆ ವೈದ್ಯರನ್ನು ಕಾಣಬೇಕು. ಬದುಕೇ ಬೇಡವೆಂದು ತೋರಿದರೆ ಒಂದು ದಿನವೂ ಕಾಯಬಾರದು. 2022ರ ಅಕ್ಟೋಬರಿನಲ್ಲಿ ಭಾರತ ಸರಕಾರವು ಆರಂಭಿಸಿದ ಟೆಲಿ-ಮಾನಸ್ ಸೇವೆಗೆ 14416 ಎಂಬ ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಜ್ವರಕ್ಕೆ ಮದ್ದು ಕೇಳಲು ನಾಚದವರು ಮನಸ್ಸಿನ ನೋವಿಗೆ ಮಾತ್ರ ಏಕೆ ನಾಚಬೇಕು?