ಕರಾರಿನ ಕೊಳಗ ಯಾರ ಕೈಯಲ್ಲಿ?

ಜಡೆಯಂಥ ಊರಿನ ಹುಡುಗನೊಬ್ಬ ಟೆಲಿವಿಷನ್ನಿನ ರಸಪ್ರಶ್ನೆಗೋ ಹಾಡಿನ ಸ್ಪರ್ಧೆಗೋ ಆಯ್ಕೆಯಾದರೆ ಊರಿಗೆ ಊರೇ ಹಿಗ್ಗುತ್ತದೆ. ಹಿಗ್ಗಲಿ, ತಪ್ಪಲ್ಲ. 2012ರಲ್ಲಿ ಪುನೀತ್ ರಾಜ್‌ಕುಮಾರ್ ಅವರ 'ಕನ್ನಡದ ಕೋಟ್ಯಧಿಪತಿ' ಶುರುವಾದಾಗ ಬಡವರ ಮನೆಯವರೂ ಆ ಕುರ್ಚಿಯ ಕನಸು ಕಂಡರು. ಆದರೆ ಕುರ್ಚಿಗೆ ಮೊದಲು ಕರಾರುಪತ್ರವಿದೆ. ನಮ್ಮ ಅಪ್ಪಣೆಯಿಲ್ಲದೆ ಬೇರೆ ಸ್ಪರ್ಧೆಗೆ, ಬೇರೆ ವಾಹಿನಿಗೆ ಹೋಗಕೂಡದೆಂಬ ಷರತ್ತು ಇಂಥ ಪತ್ರಗಳಲ್ಲಿ ವಾಡಿಕೆ. ರುಜು ಹಾಕುವವರು ಅದನ್ನು ಓದುವುದು ಅಪರೂಪ.

ಈ ನಿರ್ಬಂಧಗಳಲ್ಲಿ ಎರಡು ಬಗೆ. ಅಮೆರಿಕದಲ್ಲಿ 'ಟ್ವೆಂಟಿ ಒನ್' ಎಂಬ ಸ್ಪರ್ಧೆಯಲ್ಲಿ ಮೆಚ್ಚಿನವರಿಗೆ ಉತ್ತರವನ್ನು ಮೊದಲೇ ಹೇಳಿಕೊಡುತ್ತಿದ್ದರು. ಗೆದ್ದು ಹೆಸರಾಗಿದ್ದ ಚಾರ್ಲ್ಸ್ ವ್ಯಾನ್ ಡೋರೆನ್ 1959ರಲ್ಲಿ ಅದನ್ನು ಒಪ್ಪಿಕೊಂಡರು. 1960ರಲ್ಲಿ ಅಂಥ ಮೋಸವನ್ನು ತಡೆಯುವ ಕಾನೂನು ಬಂತು. ಒಂದು ಸ್ಪರ್ಧೆಯಲ್ಲಿ ಆಡಿದವನು ಕೆಲಕಾಲ ಇನ್ನೊಂದಕ್ಕೆ ಬರಬಾರದೆಂಬ ನಿಯಮವೂ ಅಲ್ಲಿ ವಾಡಿಕೆಯಲ್ಲಿದೆ. ಇದನ್ನು ನಾವು ವಿರೋಧಿಸುವುದಿಲ್ಲ. ಒಬ್ಬನೇ ಎಲ್ಲ ಪಂಕ್ತಿಯಲ್ಲೂ ಕೂತರೆ ಉಳಿದವರಿಗೆ ಎಲೆ ಎಲ್ಲಿ?

ನಾವು ವಿರೋಧಿಸುವುದು ಎರಡನೆಯ ಬಗೆಯನ್ನು. ಸ್ಪರ್ಧೆ ಮುಗಿದಿದೆ, ಬಹುಮಾನ ಬಂದಿಲ್ಲ, ಸಂಬಳವೂ ಇಲ್ಲ. ಆದರೂ ಹುಡುಗನ ಮುಖ, ಕಂಠ ತಿಂಗಳುಗಟ್ಟಲೆ ಧಣಿಯ ಸೊತ್ತು! ಇದು ನ್ಯಾಯದ ಬೇಲಿಯಲ್ಲ, ವ್ಯಾಪಾರದ ಬೇಲಿ.

ಕಾನೂನು ಏನೆನ್ನುತ್ತದೆ? ಯಾವನಾದರೂ ನ್ಯಾಯಸಮ್ಮತವಾದ ಉದ್ಯೋಗ, ವ್ಯಾಪಾರ ಮಾಡದಂತೆ ತಡೆಯುವ ಕರಾರು ಆ ಮಟ್ಟಿಗೆ ಅಸಿಂಧುವೆಂದು 1872ರ ಕರಾರು ಕಾಯಿದೆಯ 27ನೇ ಕಲಮು ಹೇಳುತ್ತದೆ. ಅಂಗಡಿಯ ಬಂಧುಗಳು ಇದನ್ನು ನೆನಪಿಡಬೇಕು. ಆದರೆ ಗಿರಣಿಯ ಬಂಧುಗಳು 1967ರ ಸೆಂಚುರಿ ಸ್ಪಿನ್ನಿಂಗ್ ಮೊಕದ್ದಮೆಯನ್ನೂ ತಿಳಿಯಬೇಕು. ಐದು ವರ್ಷದ ಕರಾರಿನ ನಡುವೆ ಹೆಚ್ಚಿನ ಸಂಬಳಕ್ಕೆಂದು ಬೇರೆ ಕಂಪನಿ ಸೇರಿದ ನೌಕರನಿಗೆ ಹಾಕಿದ ತಡೆಯನ್ನು ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. 2006ರಲ್ಲಿ ಕ್ರಿಕೆಟ್ ಆಟಗಾರ ಜಹೀರ್ ಖಾನ್ ಅವರ ಮೊಕದ್ದಮೆಯಲ್ಲಿ, ಅವಧಿ ಮುಗಿದ ಮೇಲೆ ಹಳೆಯ ಕಂಪನಿಯ ಹಿಡಿತ ನಡೆಯದೆಂದು ಅದೇ ಕೋರ್ಟು ತೀರ್ಮಾನಿಸಿತು. ಅಂದರೆ ಅವಧಿಯೊಳಗೆ ಕಟ್ಟು, ಅವಧಿ ತೀರಿದರೆ ಬಿಡುಗಡೆ. ಆ ಅವಧಿ ಎಷ್ಟೆಂದು ಬರೆಯುವವನು ಯಾರು? ಧಣಿಯೇ!

ನಮ್ಮ ಜಿಲ್ಲೆಗೆ ಇದು ಹೊಸ ಪಾಠವಲ್ಲ. 1951ರಲ್ಲಿ ಕಾಗೋಡಿನ ಗೇಣಿದಾರರು ಎದ್ದುನಿಂತದ್ದು ಅಳತೆಯ ಕೊಳಗಕ್ಕಾಗಿ. ಕೊಳಗ ಒಡೆಯನ ಕೈಯಲ್ಲಿರುವವರೆಗೆ ರೈತನ ಭತ್ತಕ್ಕೆ ನ್ಯಾಯವಿರಲಿಲ್ಲ. ಡಾ. ಲೋಹಿಯಾ ಅವರು ಬಂದು ಬಂಧನಕ್ಕೊಳಗಾದ ಹೋರಾಟ ಅದು. ಅಂದಿನ ಕೊಳಗದ ಜಾಗದಲ್ಲಿ ಇಂದು ಕರಾರುಪತ್ರ ಕೂತಿದೆ.

ಆದ್ದರಿಂದ ನಮ್ಮ ಬೇಡಿಕೆಗಳು ಇವು. ಕರಾರು ಕನ್ನಡದಲ್ಲಿರಲಿ; ರುಜುವಿಗೆ ಒಂದು ವಾರ ಮುಂಚೆ ಪ್ರತಿ ಮನೆಗೆ ಬರಲಿ. ಸೋತವನ ಕಟ್ಟು ಸೋತ ದಿನವೇ ಬಿಚ್ಚಲಿ. ಅದರಾಚೆಗೆ ಕಟ್ಟಿಡುವುದಾದರೆ ತಿಂಗಳಿಗಿಷ್ಟು ಎಂದು ಸಂಬಳ ಕೊಡಲಿ. ಸರ್ಕಾರ ಇದಕ್ಕೊಂದು ಮಾದರಿ ಕರಾರು ಗೊತ್ತುಮಾಡಲಿ.

ಒಬ್ಬೊಬ್ಬನಾಗಿ ಧಣಿಯ ಮುಂದೆ ನಿಂತವನಿಗೆ ಏನು ಸಿಗುತ್ತದೆಂದು ಗಿರಣಿ ಕಾರ್ಮಿಕನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸ್ಪರ್ಧೆಯ ಸರದಿಯಲ್ಲಿ ನಿಂತ ಮಕ್ಕಳಿಗೆ ಸಂಘವಿಲ್ಲ. ಸಂಘ ಕಟ್ಟಿ ಪಳಗಿದ ನಾವು ಅವರ ಬೆನ್ನಿಗೆ ನಿಲ್ಲಬೇಕು. ಅಲ್ಲಿಯವರೆಗೆ ತಂದೆತಾಯಿಗಳಿಗೆ ನಮ್ಮದೊಂದೇ ಮಾತು: ಓದಿಸಿ ಕೇಳದೆ ರುಜು ಹಾಕಬೇಡಿ.